ಮಧ್ಯಾಹ್ನಕ್ಕೆ ಬಿಡುವ ಅಂಟು

ಆಳಂದ ತಾಲೂಕಿನ ನರೋಣಾದ ನಮ್ಮ ತವರುಮನೆಯಲ್ಲಿ ದನದ ಕೊಟ್ಟಿಗೆಗೆ ತಗಡು ಹೊದಿಸಿದ್ದಾರೆ. ಬೇಸಿಗೆಯಲ್ಲಿ ಹೊತ್ತೇರಿದ ಮೇಲೆ ಅದರ ಮೇಲೆ ಕೈ ಇಡಲಾಗುವುದಿಲ್ಲ. ಶಾಲೆಗೆ ರಜೆ ಎಂದು ಆಳಂದದಿಂದ ನಾನು ಅವ್ವನ ಹತ್ತಿರ ಬಂದಿದ್ದ ದಿನಗಳಲ್ಲಿ, ಅಕ್ಕ ಒಂದು ಬೆಳಿಗ್ಗೆ ಏಣಿ ಹತ್ತಿ ಆ ತಗಡಿನ ಮೇಲೆ ಒಂದು ಹಲಗೆಯನ್ನು ನಿಲ್ಲಿಸಿ ಬಂದಳು. ಹಲಗೆಗೆ ಕೆಂಪು ಮಖಮಲ್ ಬಟ್ಟೆ ಸುತ್ತಿತ್ತು. ಅದರ ಮೇಲೆ ಸಾಲಾಗಿ ಗಾಜಿನ ಬಳೆಗಳನ್ನು ಅಂಟಿಸಿದ್ದಳು, ಒಂದೊಂದು ಬಳೆಗೆ ಒಂದೊಂದು ಬಗೆಯ ಅಂಟು. ಪ್ರತಿ ಬಳೆಯಿಂದಲೂ ಒಂದು ಪುಟ್ಟ ಬಟ್ಟೆಯ ಗಂಟು ತೂಗುತ್ತಿತ್ತು. ಗಂಟಿನಲ್ಲಿ ಹಿಡಿ ಜೋಳ.

ಯಾವ ಅಂಟು ಗಟ್ಟಿ ಎಂದು ನೋಡುತ್ತಿದ್ದಾಳೆ ಎಂದೇ ನಾನು ಮೊದಲು ತಿಳಿದಿದ್ದೆ. ಕಾರಣವೂ ಇತ್ತು. ಅಕ್ಕನ ಗಂಡನ ಸೋದರತ್ತೆ ಜೇವರ್ಗಿಯವರು; ಅವರ ಮಗಳ ಮದುವೆ ಗೊತ್ತಾಗಿತ್ತು. ರುಖವತ ಮಾಡಿಕೊಡುವ ಕೆಲಸವನ್ನು ಅವರು ಅಕ್ಕನಿಗೆ ಒಪ್ಪಿಸಿದ್ದರು.

ಗಡಿಯ ಕಡೆಯ ನಮ್ಮ ಊರುಗಳಲ್ಲಿ ರುಖವತ ಇಲ್ಲದೆ ಮದುವೆ ಇಲ್ಲ. ಹೆಣ್ಣಿನ ಮನೆಯವರು ತಿಂಗಳುಗಟ್ಟಲೆ ಕೂತು ಥರ್ಮಾಕೋಲಿನ ಮನೆ, ಮಣಿಗಳ ಬಾವಿ, ಕಡ್ಡಿಯ ಚಕ್ಕಡಿ, ಬಣ್ಣ ಹಚ್ಚಿದ ಕೊಬ್ಬರಿ ಬಟ್ಟಲು, ಉಂಡೆ, ಚಕ್ಕುಲಿ ಎಲ್ಲ ಮಾಡಿ ಮದುವೆಯ ಮಂಟಪದ ಒಂದು ಮೂಲೆಯಲ್ಲಿ ಮೇಜು ಹಾಕಿ ಜೋಡಿಸುತ್ತಾರೆ. ಗಂಡಿನ ಕಡೆಯ ಹೆಂಗಸರು ಗುಂಪಾಗಿ ಬಂದು ನೋಡುತ್ತಾರೆ. ನೋಡುವುದೆಂದರೆ ಬರೀ ನೋಡುವುದಲ್ಲ. ಮುಟ್ಟಿ, ಎತ್ತಿ, ತಿರುವಿ, ಮಾತು ಹೇಳಿಯೇ ಹೋಗುತ್ತಾರೆ. ಹುಡುಗಿಯ ತಾಯಿ ಪಕ್ಕದಲ್ಲಿ ನಿಂತು ಆ ಮಾತನ್ನು ಕೇಳಬೇಕು, ನಗಬೇಕು.

ಅಕ್ಕನ ಮದುವೆಯಲ್ಲಿ ನಮ್ಮ ಅವ್ವ ಹಾಗೆ ನಿಂತಿದ್ದಳು. ಏನಾಯಿತೆಂದು ಮೊದಲು ಅದನ್ನೇ ಹೇಳಬೇಕು.

ಆ ಮದುವೆ ಜೇವರ್ಗಿಯಲ್ಲಿ, ಗಂಡಿನ ಮನೆಯ ಕಡೆಗೆ ನಡೆಯಿತು. ಚಳಿಗಾಲದಲ್ಲಿ ನಿಶ್ಚಯವಾಗಿತ್ತು, ಆಗಿನಿಂದಲೇ ಅವ್ವ ರುಖವತಕ್ಕೆ ಕೂತಿದ್ದಳು. ಎಲ್ಲಕ್ಕಿಂತ ಆಸೆಯಿಂದ ಮಾಡಿದ್ದು ಹಸಿರು ಗಾಜಿನ ಬಳೆಗಳ ತೊಟ್ಟಿಲು. ತಳಕ್ಕೆ ಬಳೆಗಳನ್ನು ಮಲಗಿಸಿ, ಸುತ್ತ ಬಳೆಗಳನ್ನು ನಿಲ್ಲಿಸಿ, ನಾಲ್ಕು ಮೂಲೆಗೆ ಮಣಿಸರ ಹಾಕಿ ಕಮಾನಿನಿಂದ ತೂಗುಬಿಟ್ಟಿದ್ದಳು. ಅಂಟಿಸಿದ್ದು ಗ್ಲೂ ಗನ್ನಿನಿಂದ. ಆಗ ಅದು ನಮ್ಮ ಮನೆಗೆ ಹೊಸದು. ಬಿಳಿ ಕಡ್ಡಿಯನ್ನು ಹಿಂದಿನಿಂದ ತೂರಿಸಿ, ಕರೆಂಟ್ ಕೊಟ್ಟು, ಕುದುರೆ ಒತ್ತಿದರೆ ಕಡ್ಡಿ ಕರಗಿ ಹನಿಯಾಗಿ ಬರುತ್ತದೆ. ಆರಿದ ಕೂಡಲೇ ಕಲ್ಲಿನಂತಾಗುತ್ತದೆ. ಅವ್ವ ತೊಟ್ಟಿಲನ್ನು ಕೈಯಿಂದ ಅಲ್ಲಾಡಿಸಿ ನೋಡಿದಳು. ಒಳಗೆ ತೆಂಗಿನಕಾಯಿ ಇಟ್ಟು ನೋಡಿದಳು. ಚಳಿಗಾಲವೆಲ್ಲ ಅದು ಗೋಡೆಯ ಮೊಳೆಗೆ ತೂಗಿತು. ಒಂದು ಬಳೆಯೂ ಅಲುಗಲಿಲ್ಲ. ಕಾವಿನಿಂದ ಹಿಡಿದದ್ದು ಕಾವಿಗೆ ಬಿಡುತ್ತದೆ ಎಂದು ನಮ್ಮ ಯಾರ ತಲೆಗೂ ಹೊಳೆಯಲಿಲ್ಲ.

ಮದುವೆ ಬಿದ್ದದ್ದು ಕಡುಬೇಸಿಗೆಯಲ್ಲಿ. ರುಖವತದ ಸಾಮಾನನ್ನು ಟೆಂಪೋದಲ್ಲಿ ಹೇರಿ, ಧೂಳು ಬೀಳಬಾರದೆಂದು ಮೇಲೆ ತಾಡಪತ್ರಿ ಬಿಗಿದರು. ನರೋಣಾ ಬಿಟ್ಟು, ಕಲಬುರಗಿ ದಾಟಿ, ಭೀಮಾ ಹೊಳೆಯ ಸೇತುವೆ ದಾಟಿ ಜೇವರ್ಗಿ ಮುಟ್ಟುವಷ್ಟರಲ್ಲಿ ಸೂರ್ಯ ನೆತ್ತಿಯ ಮೇಲಿದ್ದ. ತಾಡಪತ್ರಿ ಬಿಚ್ಚಿದಾಗ ಒಳಗಿನಿಂದ ಒಲೆಯ ಬಾಯಿಯಂಥ ಕಾವು ಮುಖಕ್ಕೆ ಬಡಿಯಿತು. ತೊಟ್ಟಿಲು ಒಡೆದಿರಲಿಲ್ಲ. ಒಂದೂ ಬಳೆ ಒಡೆದಿರಲಿಲ್ಲ. ಎಲ್ಲ ಬಳೆಗಳೂ ತಮ್ಮ ತಮ್ಮ ಜಾಗದಿಂದ ಜಾರಿ ಒಂದರ ಮೇಲೊಂದು ಒರಗಿದ್ದವು. ನಡುವೆ ಅಂಟು ಎಳೆಎಳೆಯಾಗಿ ಹಿಗ್ಗಿತ್ತು.

ಅವ್ವ ಅದನ್ನು ಮೇಜಿನ ಮೇಲಿಟ್ಟು ಕೈಯಿಂದ ಒತ್ತಿ ಒತ್ತಿ ನಿಲ್ಲಿಸಿದಳು. ಕೈ ತೆಗೆದರೆ ಜಾರುತ್ತಿತ್ತು. ಮತ್ತೆ ಒತ್ತುವಳು, ಮತ್ತೆ ಜಾರುವುದು. ಅಷ್ಟರಲ್ಲಿ ಗಂಡಿನ ಕಡೆಯವರು ರುಖವತ ನೋಡಲು ಬಂದರು. ಎಲ್ಲರ ಮುಂದೆ ಭಾವನ ಸೋದರತ್ತೆ. ಅವರು ಬಗ್ಗಿ ನೋಡಿದರು, ಅವ್ವನ ಕೈ ನೋಡಿದರು. ಆಮೇಲೆ ಹಿಂದಿದ್ದವರ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದರು:

"ನೋಡ್ರಿ ಬರ್ರಿ, ಆಳಂದ ಕಡಿಯವರ ತೊಟ್ಟಿಲ! ಬಳಿ ನಿಲ್ಲವಲ್ಲವು. ಇಂಥಾ ಕೈಲೆ ಕಟ್ಟಿದ ತೊಟ್ಟಿಲದಾಗ ಕೂಸು ನಿಲ್ತದೇನ್ರಿ?"

ಹೆಂಗಸರು ನಕ್ಕರು. ಅವ್ವನೂ ನಕ್ಕಳು. ಕೈ ಮಾತ್ರ ತೆಗೆಯಲಿಲ್ಲ. ಮೈಕಿನಲ್ಲಿ ಅಕ್ಷತೆಗೆ, ನಮ್ಮ ಕಡೆಯ ಮಾತಿನಲ್ಲಿ ಅಕ್ಕಿಕಾಳಿಗೆ, ಬನ್ನಿ ಎಂದು ಕೂಗಿದರು. ಎಲ್ಲರೂ ವೇದಿಕೆಯ ಕಡೆ ಹೋದರು. ಅವ್ವ ಹೋಗಲಿಲ್ಲ. ಆ ಗುಂಪು ಇನ್ನೊಮ್ಮೆ ಬಂದು ನೋಡಿದಾಗ ತೊಟ್ಟಿಲು ಬಿದ್ದಿರಬಾರದು ಎಂಬುದೊಂದೇ ಅವಳ ತಲೆಯಲ್ಲಿತ್ತು. ಹೀಗೆ ಮಗಳ ಮೇಲೆ ಅಕ್ಕಿಕಾಳು ಬೀಳುವಾಗ ಅವ್ವ ಮೂಲೆಯ ಮೇಜಿನ ಮುಂದೆ ಗೋಡೆಗೆ ಮುಖ ಮಾಡಿ ಕೂತು ಬಳೆ ಹಿಡಿದುಕೊಂಡಿದ್ದಳು. ವೇದಿಕೆಯ ಮೇಲಿಂದ ಅಕ್ಕ ಬಾಸಿಂಗದ ಕೆಳಗಿಂದ ಕಣ್ಣೆತ್ತಿ ಸುತ್ತ ಹುಡುಕುತ್ತಿದ್ದುದನ್ನು ನಾನು ನೋಡಿದೆ. ಯಾರನ್ನು ಎಂದು ಕೇಳುವುದು ಬೇಕಿರಲಿಲ್ಲ.

ಆ ಮಾತು ಅಲ್ಲಿಗೇ ಮುಗಿದಿದ್ದರೆ ಅಕ್ಕ ಮರೆಯುತ್ತಿದ್ದಳೋ ಏನೋ. ಮದುವೆಯಾದ ಕೆಲವು ವರ್ಷಕ್ಕೆ ಅಕ್ಕ ಬಸಿರಾದಳು. ತಿಂಗಳು ತುಂಬುವ ಮೊದಲೇ ಕೂಸು ಹೋಯಿತು. ಕಲಬುರಗಿಯ ಆಸ್ಪತ್ರೆಯಲ್ಲಿ ನಾನೂ ಅವ್ವನೂ ಇದ್ದೆವು. ಸೋದರತ್ತೆ ನೋಡಲು ಬಂದರು. ಕೋಣೆಯೊಳಗೆ ಕೂತು ಅತ್ತರು. ಅದು ಸುಳ್ಳು ಅಳು ಎಂದು ನಾನು ಹೇಳಲಾರೆ. ಹೊರಗೆ ಪಡಸಾಲೆಗೆ ಬಂದು ತಮ್ಮ ಜೊತೆ ಬಂದವರಿಗೆ, "ನಾ ಅವತ್ತೇ ಅಂದಿದ್ದೆ, ತೊಟ್ಟಿಲ ನಿಲ್ಲಲಿಲ್ಲ ಅಂತ" ಎಂದರು. ಬಾಗಿಲು ತೆರೆದಿತ್ತು. ಒಳಗೆ ಮಲಗಿದ್ದ ಅಕ್ಕ ಚಾದರದ ಅಂಚನ್ನು ಹಲ್ಲಿನಿಂದ ಕಚ್ಚಿ ಹಿಡಿದಳು. ಅವರ ಮಗಳು, ಆಗಿನ್ನೂ ಕಾಲೇಜಿಗೆ ಹೋಗುತ್ತಿದ್ದ ಹುಡುಗಿ, ತಾಯಿಯ ಮಾತು ಕೇಳಿಸಿಕೊಂಡವಳೇ ಎದ್ದು ಬಾಗಿಲು ಮುಚ್ಚಿದಳು. ಬಂದು ಅಕ್ಕನ ತಲೆಯ ಸಿಕ್ಕು ಬಿಡಿಸುತ್ತ ಕೂತಳು.

ಅದಾದ ಮೇಲೆ ಅವ್ವ ಜೇವರ್ಗಿಗೆ ಕಾಲಿಡಲಿಲ್ಲ. ಹಬ್ಬಕ್ಕೆ ಕರೆದರೂ ಇಲ್ಲ, ಸಾವಿಗೆ ಹೇಳಿ ಕಳಿಸಿದರೂ ಇಲ್ಲ.

ಆ ಹುಡುಗಿಗೆ ಅಫಜಲಪುರ ತಾಲೂಕಿನ ಗೊಬ್ಬೂರದ ಮನೆತನದಿಂದ ಸಂಬಂಧ ಬಂತು. ಘತ್ತರಗಿಯಲ್ಲಿ, ಹೊಳೆಯ ದಂಡೆಯ ಭಾಗ್ಯವಂತಿ ಗುಡಿಯಿಂದ ಸ್ವಲ್ಪ ದೂರದ ಒಂದು ಮಂಟಪದಲ್ಲಿ ಮದುವೆ ಎಂದಾಯಿತು. ಇಷ್ಟು ವರ್ಷಗಳಲ್ಲಿ ಅಕ್ಕ ರುಖವತ ಮಾಡುವುದರಲ್ಲಿ ಹೆಸರು ಮಾಡಿದ್ದಳು. ಜೇವರ್ಗಿಯಲ್ಲಿ ಯಾರ ಮನೆಯ ಮದುವೆಯಾದರೂ ಅವಳನ್ನು ಕೇಳುತ್ತಿದ್ದರು. ಸೋದರತ್ತೆ ಬಂದು ಹೇಳಿದರಂತೆ:

"ನನ್ನ ಮಗಳಿಗೆ ಬಳಿ ತೊಟ್ಟಿಲ ಬೇಕೇ ಬೇಕು. ನೀನೇ ಮಾಡವ್ವ. ಆದ್ರ ನೋಡು, ನಿಮ್ಮವ್ವ ಮಾಡಿದಂಗ ಮಾಡಬ್ಯಾಡ ಮತ್ತ! ಗೊಬ್ಬೂರವರು ಭಾಳ ಬಾಯಿಯವ್ರು."

ಅಕ್ಕ "ಆಗ್ಲಿ ಅತ್ತಿ" ಎಂದಳಂತೆ. ಅಷ್ಟೇ ಎಂದು ಬಳೆಗಳನ್ನು ಕಟ್ಟಿಕೊಂಡು ನರೋಣಾಕ್ಕೆ ಬಂದಿದ್ದಳು. ಇಲ್ಲಿಯಾದರೆ ಫುರ್ಸತ್ತಾಗಿ ಮಾಡಬಹುದು ಎಂದಿದ್ದಳು.

ಮೊದಲ ದಿನ ಮಧ್ಯಾಹ್ನ ನಾನೂ ಅವಳ ಜೊತೆ ಏಣಿ ಹತ್ತಿದೆ. ಹಲಗೆಯನ್ನು ಒಬ್ಬೊಬ್ಬರು ಒಂದು ತುದಿಗೆ ಬಟ್ಟೆ ಸುತ್ತಿ ಹಿಡಿದು ಇಳಿಸಿ ಬೇವಿನ ನೆರಳಿನಲ್ಲಿ ಇಟ್ಟೆವು. ನೋಡಿದ್ದನ್ನು ನೋಡಿದ ಹಾಗೇ ಬರೆಯುತ್ತೇನೆ. ಮೈದಾ ಹಿಟ್ಟು ಕುದಿಸಿದ ಅಂಟು ಒಣಗಿ ಬಿಳಿಚಿಕೊಂಡು ಎಲುಬಿನಂತಾಗಿತ್ತು. ಅದರ ಬಳೆ ಕದಲಿರಲಿಲ್ಲ. ಹುಣಸೆಬೀಜ ಅರೆದು ಕುದಿಸಿದ್ದು ಅದಕ್ಕಿಂತ ಗಟ್ಟಿ. ಜಾಲಿ ಗಿಡದ ಅಂಟು ಗಾಜಿನಂತೆ ಸೀಳಿತ್ತು, ಬಳೆ ಇನ್ನೂ ಹಿಡಿದಿತ್ತು, ಉಗುರು ತಾಗಿಸಿದಾಗ ಚಟ್ಟೆಂದು ಬಿಟ್ಟಿತು. ಬಡಗಿಗಳು ಬಳಸುವ ಬಿಳಿ ಗಮ್ಮು ಮೆತ್ತಗಾಗಿ, ಬಳೆ ತನ್ನ ಗುರುತಿನಿಂದ ಕೂದಲೆಳೆಯಷ್ಟು ಕೆಳಗೆ ಬಂದಿತ್ತು. ಸಣ್ಣ ಟ್ಯೂಬಿನಲ್ಲಿ ಬರುವ, ಬೆರಳಿಗೆ ಬೆರಳನ್ನೇ ಹಿಡಿಸಿಬಿಡುವ ಅಂಟು ಕಾವಿಗೆ ಜಗ್ಗಿರಲಿಲ್ಲ, ಇಳಿಸುವಾಗ ಹಲಗೆ ನೆಲಕ್ಕೆ ತಟ್ಟಿತು, ಆಗ ಬಿಟ್ಟಿತು. ಪಂಕ್ಚರ್ ಅಂಗಡಿಯ ಸೊಲ್ಯೂಷನ್ ಬೆಲ್ಲದ ಪಾಕದಂತೆ ಎಳೆ ಬಿಟ್ಟಿತ್ತು. ಎರಡು ಬಣ್ಣದ ಮುದ್ದೆ ಕಲಸಿ ಹಚ್ಚುವ ನಲ್ಲಿ ಕೆಲಸದವರ ಅಂಟಿಗೆ ಬಿಸಿಲು ಬಿದ್ದದ್ದೇ ಗೊತ್ತಿರಲಿಲ್ಲ. ಗ್ಲೂ ಗನ್ನಿನ ಬಳೆ ಹಲಗೆಯ ಮೇಲೆ ಇರಲೇ ಇಲ್ಲ. ಜೋಳದ ಗಂಟಿನ ಸಮೇತ ತಗಡಿನ ಮೇಲೆ ಬಿದ್ದಿತ್ತು.

"ಹಂಗಾರ ಮುದ್ದಿ ಅಂಟೇ ಮಜಬೂತ್. ಅದನ್ನೇ ಹಚ್ಚು" ಎಂದೆ.

ಅಕ್ಕ ಗ್ಲೂ ಗನ್ನಿನ ಗುರುತಿನ ಮೇಲೆ ಬೆರಳಾಡಿಸುತ್ತಿದ್ದಳು. "ಇದು ಭಾಳ ಜಲ್ದಿ ಬಿತ್ತು" ಎಂದಳು. "ಮಂಟಪದಾಗ ಬಿಸಲು ಬೀಳೂದಿಲ್ಲ, ಬರೇ ಕಾವು ಇರ್ತದ. ಮ್ಯಾಲ ತಗಡದ. ನಾಳಿ ತಗಡಿನ ಕೆಳಗ ಇಟ್ಟು ನೋಡೋಣು."

ನನಗೆ ಆಗ ತಿಳಿಯಿತು. ಅವಳು ನಿಲ್ಲುವ ಅಂಟನ್ನು ಹುಡುಕುತ್ತಿರಲಿಲ್ಲ.

ಮರುದಿನದಿಂದ ಹಲಗೆ ಕೊಟ್ಟಿಗೆಯ ಒಳಗೆ, ತಗಡಿಗೆ ಹತ್ತಿರವಾಗಿ ತೂಗಿತು. ಬೇರೆ ಅಂಟುಗಳೆಲ್ಲ ಹೋಗಿ ಗ್ಲೂ ಗನ್ನಿನ ಬಳೆಗಳಷ್ಟೇ ಉಳಿದವು. ಹಳದಿ ಕಡ್ಡಿ, ಬಿಳಿ ಕಡ್ಡಿ. ದಪ್ಪ ಹನಿ, ಸಣ್ಣ ಹನಿ. ಭಾರವಾದ ಗಂಟು, ಹಗುರ ಗಂಟು. ಅಕ್ಕ ಎಮ್ಮೆಗಳ ನಡುವೆ ಸ್ಟೂಲು ಹಾಕಿ ಕೂತು ಬಳೆಗಳನ್ನೇ ನೋಡುತ್ತಿದ್ದಳು, ಬೆವರು ಒರೆಸಿಕೊಳ್ಳದೆ. ಹಳದಿ ಕಡ್ಡಿ ಸಂಜೆಯವರೆಗೂ ತಡೆಯಿತು. ಬಿಳಿ ಕಡ್ಡಿಯ ಸಣ್ಣ ಹನಿ ಬೆಳಿಗ್ಗೆಯೆಲ್ಲ ಗಟ್ಟಿಯಾಗಿದ್ದು, ಊಟದ ಹೊತ್ತಿಗೆ ಮೆಲ್ಲಗೆ ಜಾರತೊಡಗಿತು. ಅಕ್ಕಿಕಾಳು ಬೀಳುವುದೂ ಅದೇ ಹೊತ್ತಿಗೆ.

"ಅಕ್ಕಾ, ಆ ಹುಡುಗಿ ಏನು ಮಾಡ್ಯಾಳ?" ಎಂದೆ.

"ಆಕಿಗೇನೂ ಆಗೂದಿಲ್ಲ. ಆಕಿ ಮದಿವಿ ಛಂದ ಆಗ್ತದ."

"ತೊಟ್ಟಿಲ ಬಿದ್ದರ ಆಕಿಗೇ ಅಲ್ಲೇನ ಮಾತು ಬರೂದು? ನಿನಗ ಬಂದಂಗ?"

ಅಕ್ಕ ನನ್ನ ಮುಖ ನೋಡಿದಳು. ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ.

"ಬೀಳಾಕ ಬಿಡೂದಿಲ್ಲ" ಎಂದಳು. "ಅತ್ತಿ ಹಿಡೀತಾರ."

ಅವ್ವ ಬಾಗಿಲಲ್ಲಿ ಹುಲ್ಲಿನ ಸೂಡು ಹಿಡಿದು ನಿಂತಿದ್ದಳು. ಎಷ್ಟು ಕೇಳಿಸಿಕೊಂಡಿದ್ದಳೋ ಗೊತ್ತಿಲ್ಲ. ಒಳಗೆ ಬಂದು ಎಮ್ಮೆಗಳಿಗೆ ಹುಲ್ಲು ಹಾಕಿ ಹೋದಳು.

ಮದುವೆಯ ದಿನ ಬೆಳಕು ಹರಿಯುವ ಮೊದಲೇ ಸಾಮಾನು ಹೇರಿದೆವು. ಈ ಸಲ ತಾಡಪತ್ರಿ ಇಲ್ಲ. ತೊಟ್ಟಿಲನ್ನು ಅಕ್ಕ ತನ್ನ ತೊಡೆಯ ಮೇಲಿಟ್ಟುಕೊಂಡಳು. ಅಫಜಲಪುರದ ದಾರಿ ಹಿಡಿದು ಘತ್ತರಗಿ ಮುಟ್ಟಿದಾಗ ಇನ್ನೂ ತಂಪಿತ್ತು, ಹೊಳೆಯ ಕಡೆಯಿಂದ ಗಾಳಿ ಬರುತ್ತಿತ್ತು. ರುಖವತ ಜೋಡಿಸಿದೆವು. ಮನೆ, ಬಾವಿ, ಚಕ್ಕಡಿ ಎಲ್ಲವನ್ನೂ ಅಕ್ಕ ಮುದ್ದೆ ಅಂಟಿನಿಂದ ಮಾಡಿದ್ದಳು. ಎತ್ತಿ ಎಸೆದರೂ ಬಿಡುವಂತಿರಲಿಲ್ಲ. ನಟ್ಟನಡುವೆ ಕಮಾನು, ಕಮಾನಿನಿಂದ ಹಸಿರು ಬಳೆಯ ತೊಟ್ಟಿಲು. ಅವ್ವ ಮಾಡಿದ್ದ ಅಳತೆಯೇ, ಅದೇ ಹಸಿರು.

ಸೋದರತ್ತೆ ಬಂದು ನೋಡಿ ಕೈಯಿಂದ ತೂಗಿದರು. ಖುಷಿಯಾದರು. ತಮ್ಮ ಮನೆಯಿಂದ ಬಂದ ದೊಡ್ಡ ಕೂಲರನ್ನು ಇಬ್ಬರು ಆಳುಗಳಿಂದ ಎತ್ತಿಸಿ ತಂದು ರುಖವತದ ಎದುರಿಗೆ ಇಡಿಸಿದರು.

"ಈ ಸಲ ನನಗ ಬುದ್ಧಿ ಬಂದದ. ಬ್ಯಾಸಗಿ ಅಂದ್ರ ಏನು ಅಂತ ಗೊತ್ತದ ನನಗ. ಗೊಬ್ಬೂರವರು ನೋಡಿ ಬಾಯಿ ಮ್ಯಾಲ ಕೈ ಇಡಬೇಕು."

ಆಮೇಲೆ ಚೀಲದಿಂದ ಕೂಸು ಆಡುವ ಒಂದು ಬೆಳ್ಳಿಯ ಗಿಲಕಿ, ಒಂದು ತುಂಬು ಕೊಬ್ಬರಿ, ಮುಷ್ಟಿ ತುಂಬ ಉತ್ತತ್ತಿ ತೆಗೆದು ತೊಟ್ಟಿಲಲ್ಲಿ ಇಟ್ಟರು.

"ಭಾರ ಆಗ್ತದೇನು?"

"ಇಡ್ರಿ ಅತ್ತಿ" ಎಂದಳು ಅಕ್ಕ.

"ಕೂಲರಿಗೆ ಆಗಾಗ ನೀರು ಹಾಕು. ನಿನ್ನ ಮ್ಯಾಲೇ ಬಿಟ್ಟೇನಿ."

"ಹೂನ್ರಿ."

ಕೂಲರಿನ ಪಕ್ಕದಲ್ಲಿ ಒಂದು ಸ್ಟೀಲಿನ ಕೊಡ ನೀರು ತುಂಬಿ ಇಟ್ಟಿದ್ದರು. ನಾನು ಉಂಡೆ, ಚಕ್ಕುಲಿಗಳ ಫರಾಳದ ತಟ್ಟೆಗಳ ಹಿಂದೆ ಕೂತಿದ್ದೆ. ಅಲ್ಲಿಂದ ಆ ಕೊಡ ನೇರವಾಗಿ ಕಾಣುತ್ತಿತ್ತು. ಹೊತ್ತೇರಿತು. ಜನ ತುಂಬಿದರು. ಮೇಲಿನ ತಗಡು ಟಕ್ ಟಕ್ ಎಂದು ಸದ್ದು ಮಾಡತೊಡಗಿತು. ಕೂಲರಿನ ತಂಪುಗಾಳಿ ಮೊದಲು ನಮ್ಮ ಸೆರಗನ್ನು ಹಾರಿಸುತ್ತಿತ್ತು. ಆಮೇಲೆ ಅದರ ಹುಲ್ಲಿನ ಪರದೆ ಒಣಗಿತು. ಗಾಳಿ ಬಿಸಿಯಾಯಿತು. ಕೊನೆಗೆ ಅದು ತಗಡಿನ ಕಾವನ್ನೇ ಎಳೆದು ತೊಟ್ಟಿಲಿಗೆ ಊದುತ್ತಿತ್ತು. ಅಕ್ಕ ಕೊಡದ ಪಕ್ಕದಲ್ಲೇ ನಿಂತಿದ್ದಳು. ಕೊಡದಲ್ಲಿ ನೀರು ಕಂಠದವರೆಗೆ ಇತ್ತು. ಅವಳು ಅದನ್ನು ಮುಟ್ಟಲಿಲ್ಲ.

ಗೊಬ್ಬೂರದ ಹೆಂಗಸರು ಬಂದರು. ಸೋದರತ್ತೆ ಓಡಿ ಬಂದು ಮುಂದೆ ನಿಂತರು. ಬಂದವರಲ್ಲಿ ಹಿರಿಯಳು ದಪ್ಪ ಕನ್ನಡಕದ ಅಜ್ಜಿ. ಮೊಣಕಾಲು ನೋವೆಂದು ಅವಳಿಗೆ ಅಲ್ಲೇ ಕುರ್ಚಿ ಹಾಕಿದರು.

"ತೊಟ್ಟಿಲ ಭಾರಿ ಆಗ್ಯಾದ್ರಿ. ಯಾರು ಮಾಡ್ಯಾರ?" ಎಂದಳು ಅಜ್ಜಿ.

"ನಾನೇ ಮುಂದ ನಿಂತು ಮಾಡಿಸೇನ್ರಿ" ಎಂದರು ಸೋದರತ್ತೆ.

ಆ ಮಾತು ಮುಗಿಯುವಷ್ಟರಲ್ಲಿ ತೊಟ್ಟಿಲಿನ ತಳದ ಒಂದು ಬಳೆ ತನ್ನ ಜಾಗದಿಂದ ಕೆಳಗೆ ಬಂತು. ಬೀಳಲಿಲ್ಲ, ಎಳೆಯ ಮೇಲೆ ಇಳಿಯಿತು. ನಾನು ನೋಡಿದೆ. ಸೋದರತ್ತೆಯೂ ನೋಡಿದರು. ಅಕ್ಕ ಆಗಲೇ ಅಂಗೈಯನ್ನು ತೊಟ್ಟಿಲಿನ ಕೆಳಗೆ ಇಟ್ಟಿದ್ದಳು. ಅವರ ಕಿವಿಯ ಹತ್ತಿರ ಬಾಗಿ ಹೇಳಿದಳು, ನನಗೂ ಕೇಳಿಸಿತು:

"ಅತ್ತಿ, ಅಂಟು ಬಿಡಾಕತ್ತದ್ರಿ. ಜರಾ ಎರಡೂ ಕೈಲೆ ಹಿಡೀರಿ, ನಾ ದಾರ ತಗೊಂಡು ಬರ್ತೇನಿ."

ಸೋದರತ್ತೆ ಎರಡೂ ಕೈ ಕೊಟ್ಟರು. ಅಕ್ಕ ತನ್ನ ಕೈ ತೆಗೆದುಕೊಂಡಳು. ಓಡಲಿಲ್ಲ. ಜನರ ನಡುವೆ ದಾರಿ ಮಾಡಿಕೊಂಡು ನಿಧಾನವಾಗಿ ನಡೆದಳು.

ಗೊಬ್ಬೂರದ ಹೆಂಗಸರಿಗೆ ಇದೇನೂ ಗೊತ್ತಾಗಲಿಲ್ಲ. ಬೀಗತಿ ತೊಟ್ಟಿಲಿಗೆ ಕೈ ಹಚ್ಚಿ ನಿಂತದ್ದಷ್ಟೇ ಅವರಿಗೆ ಕಂಡದ್ದು. ಒಬ್ಬಳು ಕೂಗಿದಳು:

"ಅಯ್ಯ ಬೀಗತಿ! ಇನ್ನಾ ಅಕ್ಕಿಕಾಳೇ ಬಿದ್ದಿಲ್ಲ, ಆಗಲೇ ಮೊಮ್ಮಗನ್ನ ತೂಗಾಕತ್ತೀರಲ್ರಿ!"

"ಭಾಳ ಅವಸರ ಅದ ಬಿಡ್ರಿ ಅವರಿಗೆ!" ಎಂದಳು ಇನ್ನೊಬ್ಬಳು. "ಜೋಗುಳಾನೂ ಹಾಡಿಬಿಡ್ರಿ!"

ಎಲ್ಲರೂ ನಕ್ಕರು. ಸೋದರತ್ತೆಯೂ ನಕ್ಕರು. ಅವರ ಮೇಲ್ದುಟಿಯ ಮೇಲೆ ಬೆವರು ಮುತ್ತುಗಟ್ಟಿತ್ತು.

ಮೈಕಿನಲ್ಲಿ ಕೂಗು ಬಂತು. "ಅಕ್ಕಿಕಾಳಿಗೆ ಟೈಮ್ ಆಗ್ಯಾದ, ಎಲ್ಲಾರೂ ಜಲ್ದಿ ಬರ್ರಿ. ಹುಡುಗಿ ತಾಯಿ ಎಲ್ಲಿದ್ರೂ ಬರಬೇಕ್ರಿ." ಹೆಂಗಸರು ಹೊರಟರು. ಕುರ್ಚಿಯ ಅಜ್ಜಿ ಮಾತ್ರ ಏಳಲಿಲ್ಲ.

"ನಾ ಇಲ್ಲೇ ಕುಂತು ನೋಡ್ತೇನ್ರಿ, ನನ್ನ ಕಾಲು ಹೈರಾಣ ಆಗ್ಯಾವು. ನೀವು ಹೋಗ್ರಿ, ನಿಮ್ಮ ಮಗಳದ್ದು."

"ಹೋಗ್ತೇನ್ರಿ. ಈಗ ಹೋಗ್ತೇನಿ."

ಸೋದರತ್ತೆ ನನ್ನ ಕಡೆ ನೋಡಿದರು. ನಾನು ತಟ್ಟೆಗಳನ್ನು ಸರಿಸಿ ಮೇಜಿನ ಹಿಂದಿನಿಂದ ಅವರ ಬಳಿ ಹೋದೆ. "ನೀ ಹಿಡಿಯವ್ವ" ಎಂದರು ಬಾಯಿ ಅಲುಗಿಸದೆ. ನಾನು ಅವರ ಕೈಯ ಕೆಳಗೆ ನನ್ನ ಕೈ ಇಟ್ಟೆ. ಅವರು ಒಂದು ಬೆರಳು ಸಡಿಲಿಸಿದರು. ಆ ಕಡೆಯ ನಿಂತ ಬಳೆಗಳು ಸಾಲಾಗಿ ಒರಗಿದವು, ಗಿಲಕಿ ಉರುಳಿ ಗಲ್ ಎಂದಿತು. ಅಜ್ಜಿ ಕನ್ನಡಕ ಸರಿಮಾಡಿಕೊಂಡಳು. ತೊಟ್ಟಿಲು ಆಗಲೇ ಅವರ ಬೆರಳುಗಳ ಆಕಾರಕ್ಕೆ ಕೂತುಬಿಟ್ಟಿತ್ತು. ಬೇರೆ ಯಾರ ಕೈಯಲ್ಲೂ ನಿಲ್ಲುವಂತಿರಲಿಲ್ಲ. "ಬ್ಯಾಡ, ಬ್ಯಾಡ, ಬಿಡು" ಎಂದು ಅವರು ಮತ್ತೆ ಬಿಗಿಯಾಗಿ ಹಿಡಿದರು.

"ಆಕಿ ಎಲ್ಲೆದಾಳ?" ಎಂದರು.

ನಾನು ವೇದಿಕೆಯ ಕಡೆ ನೋಡಿದೆ. ಅವರೂ ನೋಡಿದರು. ಅಕ್ಕ ವೇದಿಕೆಯ ಮೇಲೆ ಮದುಮಗಳ ಹಿಂದೆ ನಿಂತಿದ್ದಳು, ತಾಯಿ ನಿಲ್ಲುವ ಜಾಗದಲ್ಲಿ. ಹೂ ಕಟ್ಟುವ ದಾರದ ಉಂಡೆ ಅವಳ ಎಡಗೈಯಲ್ಲಿತ್ತು. ಬಲಗೈಯಲ್ಲಿ ಅಕ್ಕಿಕಾಳು. ಅವಳು ನಮ್ಮನ್ನೇ ನೋಡುತ್ತಿದ್ದಳು.

ಸೋದರತ್ತೆಗೆ ಆಗ ತಿಳಿಯಿತು ಎಂದು ನಾನು ನಂಬಿದ್ದೇನೆ. ಅವರ ಕೈಯಲ್ಲಿ ಬಳೆಗಳು ಕಿಣಿಗುಟ್ಟಿದವು. ಬಿಟ್ಟು ಹೋಗಬಹುದಿತ್ತು. ಹೋಗಿದ್ದರೆ ತೊಟ್ಟಿಲು ಅಜ್ಜಿಯ ಕಣ್ಣೆದುರೇ ಮೇಜಿನ ಮೇಲೆ ಸುರಿಯುತ್ತಿತ್ತು. ಗೊಬ್ಬೂರದಲ್ಲಿ ಮಗಳಿಗೆ ಬದುಕಿಡೀ ಯಾವ ಮಾತು ಬರುತ್ತದೆ ಎಂಬುದು ಅವರಿಗಿಂತ ಚೆನ್ನಾಗಿ ಇನ್ನಾರಿಗೂ ಗೊತ್ತಿರಲಿಲ್ಲ. ಆ ಮಾತನ್ನು ಕಟ್ಟಿದವರೇ ಅವರು. ಅವರು ಹೋಗಲಿಲ್ಲ.

ಬ್ಯಾಂಡು ಬಾರಿಸಿತು. ಅಕ್ಕಿಕಾಳು ಬಿದ್ದವು. ಮದುಮಗಳು ತಲೆ ಎತ್ತಿ ಬಲಕ್ಕೆ ನೋಡಿದಳು, ಎಡಕ್ಕೆ ನೋಡಿದಳು. ಅಪ್ಪ ಇದ್ದರು, ಅಣ್ಣ ಇದ್ದ. ಹಿಂದಕ್ಕೆ ತಿರುಗಿ, ತನಗೆ ಅತ್ತಿಗೆಯಾಗಬೇಕಾದ ಅಕ್ಕನನ್ನು ಏನೋ ಕೇಳಿದಳು. "ವೈನೀ, ಅವ್ವ ಎಲ್ಲಿ?" ಎಂದಿರಬೇಕು, ಅಷ್ಟು ದೂರ ಕೇಳಿಸಲಿಲ್ಲ. ಅಕ್ಕ ಅವಳ ಗಲ್ಲ ಹಿಡಿದು ಮೆಲ್ಲಗೆ ಮುಖವನ್ನು ಮುಂದಕ್ಕೆ ತಿರುಗಿಸಿದಳು. ಆಸ್ಪತ್ರೆಯಲ್ಲಿ ತನ್ನ ಸಿಕ್ಕು ಬಿಡಿಸಿದ್ದ ಹುಡುಗಿಯ ಗಲ್ಲ. ಇಲ್ಲಿ ನನ್ನ ಪಕ್ಕದಲ್ಲಿ ಸೋದರತ್ತೆ ಮೇಜಿಗೆ ಹೊಟ್ಟೆ ಒತ್ತಿ, ಕತ್ತನ್ನು ಆದಷ್ಟು ಹೊರಳಿಸಿ ಇಣುಕುತ್ತಿದ್ದರು. ಈಗ ಜನ ಎದ್ದು ನಿಂತಿದ್ದರು; ನಾನು ಪಕ್ಕಕ್ಕೆ ಸರಿದು ಬೆನ್ನುಗಳ ಸಂದಿಯಿಂದ ನೋಡುತ್ತಿದ್ದೆ, ತೊಟ್ಟಿಲು ಹಿಡಿದ ಸೋದರತ್ತೆ ಸರಿಯುವಂತಿರಲಿಲ್ಲ. ಅವರಿಗೆ ಏನೂ ಕಾಣಲಿಲ್ಲ. ಮೇಲೆ ಹಾರಿದ ಅಕ್ಕಿಯಷ್ಟೇ ಕಂಡಿರಬೇಕು.

ಆ ಹೊತ್ತಿನಲ್ಲಿ ನನಗೇನು ಅನಿಸಿತು ಎಂದು ಸರಿಯಾಗಿ ಹೇಳಬೇಕು. ಮೊದಲು ಹೊಟ್ಟೆ ತಣ್ಣಗಾಯಿತು. ಅವ್ವ ಗೋಡೆಗೆ ಮುಖ ಮಾಡಿ ಕೂತಿದ್ದ ಆ ಮೂಲೆಯನ್ನು ಇಷ್ಟು ವರ್ಷದ ಮೇಲೆ ಯಾರೋ ಬಂದು ಗುಡಿಸಿದ ಹಾಗಾಯಿತು. ಆಮೇಲೆ ಆ ಹುಡುಗಿ ಇನ್ನೊಮ್ಮೆ ತಲೆ ತಿರುಗಿಸಿದಳು. ನಾನು ಮೇಜಿನ ಅಂಚು ಹಿಡಿದುಕೊಂಡೆ.

ಎಲ್ಲ ಮುಗಿದ ಮೇಲೆ ಅಕ್ಕ ಬಂದಳು. ಕಮಾನಿನ ಹಿಂದಿನಿಂದ ದಾರ ಹಾಕಿ, ತಳದ ಬಳೆಗಳನ್ನು ಒಂದೊಂದಾಗಿ ಬಿಗಿದು ಕಟ್ಟಿದಳು. ಅವಸರವಿಲ್ಲ. ಸೋದರತ್ತೆ ಕೈ ಕೊಟ್ಟುಕೊಂಡೇ ನಿಂತಿದ್ದರು. ಕಟ್ಟಿ ಮುಗಿದಾಗ ಅಕ್ಕ ಅವರ ಬೆರಳುಗಳನ್ನು ತಾನೇ ಬಿಡಿಸಿದಳು. ಬೆರಳಿಗೂ ಬಳೆಗೂ ನಡುವೆ ಬಿಳಿ ಎಳೆಗಳು ಹಿಗ್ಗಿ ತುಂಡಾದವು.

"ಯಾವ ಅಂಟು ಹಚ್ಚಿದ್ದೀ?" ಎಂದು ಸೋದರತ್ತೆ ಕೇಳಿದರು. ಧ್ವನಿ ಬಹಳ ಸಣ್ಣದಿತ್ತು.

"ನಮ್ಮವ್ವ ಹಚ್ಚಿದ್ದೇ ಹಚ್ಚೇನ್ರಿ ಅತ್ತಿ."

ಅಜ್ಜಿ ಕುರ್ಚಿಯಿಂದ ಕೇಳಿದಳು, "ಏನಂತ್ರಿ?"

"ಏನಿಲ್ಲ ಬಿಡ್ರಿ" ಎಂದರು ಸೋದರತ್ತೆ. "ಊಟಕ್ಕ ಏಳ್ರಿ."

ಅವರು ಇದನ್ನು ಯಾರಿಗೂ ಹೇಳಲಿಲ್ಲ. ಹೇಳಬೇಕಾದರೆ ಮೊದಲ ತೊಟ್ಟಿಲಿನಿಂದ ಶುರುಮಾಡಬೇಕು; ಗಂಡನಿಗಾಗಲಿ ಮಗಳಿಗಾಗಲಿ ಅದನ್ನು ಹೇಳುವ ಬಾಯಿ ಅವರಿಗೆ ಬಂದಿಲ್ಲ. ಈಗಲೂ ಜೇವರ್ಗಿಯಲ್ಲಿ ಅಕ್ಕ ಎದುರಾದರೆ ಮಾತಾಡಿಸುತ್ತಾರೆ, ಚಹಾ ಕೊಡುತ್ತಾರೆ. ತೊಟ್ಟಿಲಿನ ಮಾತು ಮಾತ್ರ ಅವರ ಬಾಯಲ್ಲಿ ಇನ್ನೊಮ್ಮೆ ಬಂದಿಲ್ಲ.

ನಾವು ನರೋಣಾಕ್ಕೆ ಮರಳಿದಾಗ ಇನ್ನೂ ಬಿಸಿಲಿತ್ತು. ಅವ್ವ ಬಾಗಿಲ ಕಟ್ಟೆಯ ಮೇಲೆ ಕೂತಿದ್ದಳು. ಕಾಲಿಗೆ ನೀರು ಕೊಟ್ಟಳು, ಕುಡಿಯಲು ಮಜ್ಜಿಗೆ ಕೊಟ್ಟಳು. ಆಮೇಲೆ ಕೇಳಿದಳು:

"ಆಕಿ ಅಕ್ಕಿಕಾಳು ನೋಡಿದ್ಲೇನು?"

"ಇಲ್ಲ" ಎಂದಳು ಅಕ್ಕ.

"ಹೆಂಗ ನಿಂತಿದ್ಲು?"

ಅಕ್ಕ ಎದ್ದು ನಿಂತು, ಎರಡೂ ಅಂಗೈ ಮೇಲೆ ಮಾಡಿ, ಕತ್ತು ಹೊರಳಿಸಿ ತೋರಿಸಿದಳು. ಅವ್ವ ನೋಡಿದಳು. "ಮತ್ತ ತೋರಿಸು" ಎಂದಳು. ಅಕ್ಕ ಮತ್ತೆ ತೋರಿಸಿದಳು. ಅವ್ವ ನಕ್ಕಳು. ಜೇವರ್ಗಿಯ ಹೆಂಗಸರ ಮುಂದೆ ನಕ್ಕ ನಗುವಲ್ಲ. ಬಾಯಿ ತೆರೆದು, ಹೊಟ್ಟೆಯಿಂದ, ಸೆರಗು ಜಾರುವ ಹಾಗೆ. ಅಕ್ಕನೂ ನಕ್ಕಳು. ನಾನೂ ನಕ್ಕೆನೆಂದೇ ನೆನಪು.

ನಗು ನಿಂತ ಮೇಲೆ ಅವ್ವ ಖಾಲಿ ಲೋಟಗಳನ್ನು ಒಂದರಲ್ಲೊಂದು ಇಡುತ್ತ ಕೇಳಿದಳು: "ಹುಡುಗಿ ಹುಡುಕಿದ್ಲೇನು, ತಾಯಿನ್ನ?"

ಅಕ್ಕ ತನ್ನ ಲೋಟವನ್ನೂ ಅವಳ ಕಡೆ ಸರಿಸಿದಳು. "ಹುಡುಕಿದ್ಲು" ಎಂದಳು.

ಅವ್ವ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಹೊತ್ತು ಮುಳುಗಿ ತಗಡು ಆರಿದ ಮೇಲೆ ನಾನು ಕೊಟ್ಟಿಗೆಗೆ ಹೋದೆ. ಹಲಗೆ ಇನ್ನೂ ತಗಡಿನ ಕೆಳಗೆ ತೂಗುತ್ತಿತ್ತು. ಬಿಳಿ ಕಡ್ಡಿಯ ಬಳೆಯೊಂದು ತನ್ನ ಗುರುತಿನಿಂದ ಅಂಗೈಯಷ್ಟು ಕೆಳಗೆ ಜಾರಿ ಅಲ್ಲೇ ನಿಂತಿತ್ತು. ಗಾಳಿ ತಂಪಾಗಿತ್ತು. ಅದನ್ನು ಕಿತ್ತಿಡೋಣವೆಂದು ಎಳೆದೆ. ಬರಲಿಲ್ಲ. ಎರಡೂ ಕೈಯಿಂದ ಎಳೆದೆ. ಬಳೆ ನನ್ನ ಕೈಯಲ್ಲೇ ಒಡೆಯಿತು. ಅಂಟು ಹಿಡಿದಿದ್ದ ತುಂಡು ಹಲಗೆಯ ಮೇಲೇ ಉಳಿಯಿತು.